ತವರಿಗೆ ಬೆಲೆ ಕಟ್ಟುವುದು

ತೀರಿಕೊಂಡವರ ಆಸ್ತಿಗೆ ಬೆಲೆ ಕಟ್ಟಿಸೋಣ ಎಂದರೆ ನಮ್ಮ ಕಡೆಯ ಜನ ಮುಖ ಸಿಂಡರಿಸುತ್ತಾರೆ. ಅದು ವ್ಯಾಪಾರದ ಮಾತು, ಮನೆತನಕ್ಕೆ ಒಪ್ಪುವುದಿಲ್ಲ ಎನ್ನುತ್ತಾರೆ. ಹಾಗೆನ್ನುವವರು ಬಹುಮಟ್ಟಿಗೆ ಜಮೀನು ಉಳಿಸಿಕೊಳ್ಳುವವರೇ ಹೊರತು ಬಿಟ್ಟುಕೊಡುವವರಲ್ಲ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಸುತ್ತ ಈ ಮಾತಿಗೆ ಈಗ ಹೆಚ್ಚು ತೂಕ ಬಂದಿದೆ. ಕಾವಲ್ ಎಂದರೆ ದನಗಳ ಮೇವಿಗೆ ಬಿಟ್ಟ ಬಯಲು. ಅಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 2023ರ ಫೆಬ್ರುವರಿ 6ರಂದು ಅದು ಉದ್ಘಾಟನೆಯಾಯಿತು. ಸುತ್ತಣ ರಾಗಿಹೊಲ, ತೆಂಗಿನ ತೋಟಗಳನ್ನು ಜನ ಬೇರೆ ಕಣ್ಣಿನಿಂದ ನೋಡತೊಡಗಿದರು.

ನಮ್ಮ ತವರೂ ಆ ಸೀಮೆಯದೇ. ತಂದೆ 2015ರಲ್ಲಿ ತೀರಿಕೊಂಡರು. ಪಾಲಿನ ಮಾತು ಬಂದದ್ದು ಕಾರ್ಖಾನೆ ಎದ್ದ ಮೇಲೆ. ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ, ಸೀರೆ ಮಡಿಲಕ್ಕಿ ಪಡೆದು ಹೋಗುವುದು ವಾಡಿಕೆ. 1994ರ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ನನ್ನ ಮದುವೆ 1992ರಲ್ಲಿ. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಗೋಡೆ ತೆಗೆಯಿತು. ನಾನು ರುಜು ಹಾಕುವ ಮೊದಲು ಬೆಲೆ ಕಟ್ಟಿಸು ಎಂದೆ. "ಅಕ್ಕಾ, ನಮ್ಮನೆಗೇ ರೇಟು ಹಾಕಿಸ್ತೀಯಾ?" ಎಂದ ತಮ್ಮ ಎರಡು ತಿಂಗಳು ಮಾತು ಬಿಟ್ಟ.

ಭಾಜ್ಯವೇ ಗೊತ್ತಿಲ್ಲದೆ ಭಾಗಾಕಾರ ಮಾಡು ಎಂದರೆ ಏಳನೇ ತರಗತಿಯ ಹುಡುಗನೂ ನಗುತ್ತಾನೆ. ಆದರೆ ಆ ಭಾಜ್ಯ ಯಾವುದು? ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಇರುವುದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ; ಅದು ಪೇಟೆಯ ಬೆಲೆಗಿಂತ ಕೆಳಗೇ ಇರಬಹುದು. ಕೊಳ್ಳುವವನು ಹೇಳುವ ಬೆಲೆ ಅವನ ಅವಸರದಂತೆ ಏರಿಳಿಯುತ್ತದೆ. ತಂದೆ ತೀರಿದ ದಿನದ ಬೆಲೆಯೋ, ಪಾಲಾಗುವ ದಿನದ್ದೋ ಎಂಬುದು ಇನ್ನೊಂದು ತೊಡಕು.

ಕಡೆಗೆ ತಮ್ಮನೇ ಮೌಲ್ಯಮಾಪಕರೊಬ್ಬರನ್ನು ಕರೆತಂದ. ಅವರು ಮನೆಯ ವಯಸ್ಸು ಕೇಳಿದರು, ತೆಂಗಿನ ಮರಗಳನ್ನು ಎಣಿಸಿದರು. ತಂದೆ ಇಟ್ಟ ಮರಗಳನ್ನೂ ತಮ್ಮ ಇಟ್ಟವನ್ನೂ ಬೇರೆ ಬೇರೆ ಬರೆದುಕೊಂಡರು. ಅವನೇ ಸಾಲ ಮಾಡಿ ಕೊರೆಸಿದ ಕೊಳವೆಬಾವಿ ಇನ್ನೊಂದು ಸಾಲಿಗೆ ಹೋಯಿತು. ಧರ್ಮದ ಪ್ರಶ್ನೆ ನನಗೆ ತಿಳಿಯಾದದ್ದು ಆ ಪಟ್ಟಿ ನೋಡಿದಾಗ. ತಮ್ಮನ ಬೆವರಿನಿಂದ ಏರಿದ ಬೆಲೆ ತಮ್ಮನದು. ಕಾರ್ಖಾನೆ ಬಂದು ಏರಿದ ಬೆಲೆಗೆ ಅವನ ಬೆವರೂ ಇಲ್ಲ, ನನ್ನದೂ ಇಲ್ಲ. ಮಳೆಯಂತೆ ಬಂದದ್ದು ಎಲ್ಲರ ಹೊಲಕ್ಕೂ ಸೇರಬೇಕು. ಆದ್ದರಿಂದ ಪಾಲಾಗುವ ದಿನದ ಬೆಲೆಯೇ ನ್ಯಾಯ ಎಂದು ನನಗೆ ತೋರುತ್ತದೆ.

ಪಟ್ಟಿಯಲ್ಲಿ ಇಲ್ಲದ್ದೂ ಒಂದಿತ್ತು. ತಂದೆ ಹಾಸಿಗೆ ಹಿಡಿದ ಮೂರು ವರ್ಷ ಅವರಿಗೆ ಗಂಜಿ ಕುಡಿಸಿದವಳು ತಮ್ಮನ ಹೆಂಡತಿ. ಅದಕ್ಕೆ ಯಾವ ಮೌಲ್ಯಮಾಪಕನ ಬಳಿಯೂ ದರವಿಲ್ಲ. ಅದನ್ನು ಮನೆಯವರೇ ಕೂತು ಮಾತಾಡಿಕೊಳ್ಳಬೇಕು. ಹಾಗೆಂದು ಲೆಕ್ಕವನ್ನೇ ಬಿಟ್ಟರೆ ಸೇವೆಯ ಹೆಸರು ಹೇಳಿ ಎಷ್ಟನ್ನಾದರೂ ಮುಚ್ಚಿಡಬಹುದು. ಮೊದಲು ಲೆಕ್ಕ, ಆಮೇಲೆ ಅಕ್ಕರೆ. ನಾನು ತೋಟದಲ್ಲಿ ಪಾಲು ತೆಗೆದುಕೊಂಡೆ. ಮನೆಯಲ್ಲಿ ನನಗೆ ಬರುವುದೆಷ್ಟೆಂದು ಓದಿ ನೋಡಿ, ಅದನ್ನು ನಾದಿನಿಯ ಹೆಸರಿಗೇ ಬಿಟ್ಟೆ.

ಬೆಲೆ ತಿಳಿಯದೆ ಬಿಟ್ಟದ್ದು ಕೊಡುಗೆಯಾಗುವುದಿಲ್ಲ, ಅದು ಕೈಜಾರಿ ಹೋದದ್ದು. ಪಡೆದವನಿಗೂ ತಾನೆಷ್ಟು ಪಡೆದೆನೆಂಬುದು ತಿಳಿಯುವುದಿಲ್ಲ. ತಿಳಿಯದ ಋಣವನ್ನು ಯಾರೂ ನೆನೆಯುವುದಿಲ್ಲ. ಅಕ್ಕತಂಗಿಯರ ಮುಂದೆ ಬರಿಯ ಕಾಗದ ಇಟ್ಟು ರುಜು ಕೇಳುವ ಅಣ್ಣತಮ್ಮಂದಿರು, ಜೊತೆಗೆ ಬೆಲೆಯ ಪಟ್ಟಿಯನ್ನೂ ಇಡಲಿ. ಬಿಡುವವಳು ಆಗಲೂ ಬಿಟ್ಟಾಳು. ಆದರೆ ಆಗ ಕೊಟ್ಟದ್ದು ತಾನೆಂದು ಅವಳಿಗೆ ಗೊತ್ತಿರುತ್ತದೆ.