ಸಿಸ್ಟರ್, ಮದವಿ ಆಗೇತೇನ್ರಿ?

ಆಸ್ಪತ್ರೆಯ ವಾರ್ಡಿನಲ್ಲಿ ಪ್ರಶ್ನೆ ಕೇಳುವ ಹಕ್ಕು ಹೆಚ್ಚೂಕಡಿಮೆ ನಮ್ಮದೇ, ಅಂದ್ರೆ ನರ್ಸ್‌ಗಳದ್ದು. ಮೂತ್ರಕ್ಕೆ ಎಷ್ಟು ಸಲ ಹೋದ್ರಿ, ಮೋಷನ್ ಆಯ್ತಾ, ಕಡೇ ಸಲ ಮುಟ್ಟಾಗಿದ್ದು ಯಾವಾಗ, ಕುಡೀತೀರಾ, ಎಷ್ಟು? ಹತ್ತು ನಿಮಿಷದ ಹಿಂದೆ ಮುಖ ನೋಡಿದವರ ಹತ್ರ ಇಷ್ಟನ್ನೂ ಕೇಳ್ತೀವಿ, ಅವರೂ ಹೇಳ್ತಾರೆ. ಆ ಕಡೆಯಿಂದ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಬೆಂಗಳೂರಿನವರಾದ್ರೆ "ಸಿಸ್ಟರ್, ಮದ್ವೆ ಆಗಿದ್ಯಾ?" ನಮ್ಮ ಗದಗಿನ ಕಡೆಯವರಾದ್ರೆ "ಮದವಿ ಆಗೇತೇನ್ರಿ? ಮಕ್ಳೆಷ್ಟು?"

ನಾನು ಹೆಣ್ಣು, ಪ್ರೀತಿಸೋದೂ ಹೆಣ್ಣನ್ನೇ. ಹಾಗಾಗಿ ಈ ಸಣ್ಣ ಪ್ರಶ್ನೆ ನನ್ನ ಪಾಲಿಗೆ ದೊಡ್ಡದಾಗಿದೆ. ತಮ್ಮ ಮೈಯನ್ನೇ ನನ್ನ ಕೈಗೆ ಒಪ್ಪಿಸಿದವರಿಗೆ ನಾನು ನನ್ನ ಬಗ್ಗೆ ಎಷ್ಟು ಸತ್ಯ ಹೇಳಬೇಕು? ಏನೂ ಹೇಳದಿದ್ದರೆ ಅದು ಸುಳ್ಳಾಗುತ್ತಾ?

ಪರ್ಸನಲ್ ವಿಷಯ ಕೇಳ್ಬಾರ್ದು ಅಂತ ಈ ಪ್ರಶ್ನೆಯನ್ನ ತಳ್ಳಿಹಾಕೋದು ಸಿಟಿಯಲ್ಲಿ ಬೆಳೆದವರಿಗೆ ಸುಲಭ. ನಾನು ಲಕ್ಷ್ಮೇಶ್ವರದ ಹತ್ತಿರದ ಯಳವತ್ತಿಯವಳು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಲಕ್ಷ್ಮೇಶ್ವರ ಬರೋದ್ರೊಳಗೆ ಎಲ್ಲ ಕೇಳಿ ಮುಗಿಸಿರ್ತಾಳೆ: ಯಾವೂರಾಕಿ, ಯಾರ ಮಗಳು, ಎಲ್ಲಿಗೆ ಕೊಟ್ಟಾರ. ಅದು ತನಿಖೆಯಲ್ಲ, ಪರಿಚಯವಿಲ್ಲದವರನ್ನ ಪರಿಚಯದವರ ಲೆಕ್ಕಕ್ಕೆ ತಗೊಳ್ಳುವ ರೀತಿ. ಆಸ್ಪತ್ರೆಯಲ್ಲಿ ಅದರ ಹಿಂದೆ ಇನ್ನೊಂದು ಕಾರಣವೂ ಇದೆ. ಕ್ಯಾತಿಟರ್ ಹಾಕಿಸಿಕೊಂಡು, ಬೇರೆಯವರ ಕೈಯಲ್ಲಿ ಮೈ ಒರೆಸಿಸಿಕೊಂಡು ಮಲಗಿರುವ ಅಜ್ಜಿಗೆ ನಾಚಿಕೆ ಇರುತ್ತೆ. ಎದುರಿಗಿರುವವಳಿಗೂ ಒಂದು ಮನೆ, ಒಂದು ಬಾಳು ಇದೆ ಅಂತ ತಿಳಿದರೆ ಆ ನಾಚಿಕೆ ಸ್ವಲ್ಪ ಇಳಿಯುತ್ತೆ. ಹಾಗಾಗಿ ನನ್ನ ಮಟ್ಟಿಗೆ ಆ ಪ್ರಶ್ನೆಗೆ ಮರ್ಯಾದೆಯ ಉತ್ತರ ಸಿಗಬೇಕು.

ನಮ್ಮಂಥವರಲ್ಲಿ ಬಹಳಷ್ಟು ಮಂದಿ ಕೊಡುವ ಉತ್ತರ "ಇನ್ನೂ ಇಲ್ಲ". ಎರಡೇ ಪದ. ಅದರಲ್ಲಿ "ಇಲ್ಲ" ನಿಜ, "ಇನ್ನೂ" ಸುಳ್ಳು. ಆ "ಇನ್ನೂ" ಕೇಳಿದ ತಕ್ಷಣ ಎದುರಿಗಿದ್ದವರು ಹುಡುಗನ್ನ ಹುಡುಕೋಕೆ ಶುರು ಮಾಡ್ತಾರೆ, ಮರುದಿನದ ಸುಳ್ಳಿಗೂ ಜಾಗ ಆಗುತ್ತೆ. ನಾನು ಹೇಳೋದು ಬೇರೆ: "ಇಲ್ರೀ ಯವ್ವಾ, ಆಗಿಲ್ಲ. ಆದ್ರ ಮನ್ಯಾಗ ಒಬ್ಬಾಕಿ ಅದಾಳ. ಇಬ್ರೂ ಕೂಡೇ ಬಾಳ್ವೆ ಮಾಡ್ತೀವಿ." ಒಬ್ಬರು ಹಿರಿಯರು ಇದನ್ನ ಕೇಳಿ, "ಚಲೋ ಆತು ಬಿಡವಾ, ಒಬ್ಬಾಕಿನ ಇರಬಾರದು" ಅಂದ್ರು. ಅವರಿಗೆ ಎಷ್ಟು ಅರ್ಥವಾಯ್ತೋ ಅಷ್ಟು. ಮುಂದೆ ಕೇಳಿದವರಿಗೆ ಮುಂದಿನದನ್ನೂ ಹೇಳ್ತೀನಿ. ಕೇಳದವರ ಮೇಲೆ ಹೇರೋದಿಲ್ಲ, ಯಾಕಂದ್ರೆ ಅವರು ಬಂದಿರೋದು ಅವರ ಕಾಯಿಲೆಗೆ, ನನ್ನ ಕಥೆಗಲ್ಲ.

"ಅದೆಲ್ಲ ನಿಮ್ಮ ಖಾಸಗಿ ವಿಷಯ, ಡ್ಯೂಟಿಗೆ ಯಾಕೆ ತರ್ತೀರಿ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ, ಆದ್ರೆ ಎಲ್ಲರಿಗೂ ಒಂದೇ ಅಳತೆ ಇರಬೇಕು. ಸಹೋದ್ಯೋಗಿಯ ಮದುವೆ ವಾರ್ಷಿಕೋತ್ಸವದ ಕೇಕ್ ಸ್ಟಾಫ್ ರೂಮಿನಲ್ಲೇ ಕತ್ತರಿಸ್ತೀವಿ. ಗಂಡನಿಗೆ ಜ್ವರ ಅಂತ ಶಿಫ್ಟ್ ಬದಲಾಯಿಸಿಕೊಡ್ತೀವಿ. ಅದನ್ನ ಯಾರೂ ಖಾಸಗಿ ಬದುಕನ್ನ ಡ್ಯೂಟಿಗೆ ತಂದಿದ್ದು ಅನ್ನೋದಿಲ್ಲ. ಖಾಸಗಿ ಅಂದ್ರೆ ಬೇಕಿದ್ದರೆ ಹೇಳಬಹುದು, ಬೇಡದಿದ್ದರೆ ಬಿಡಬಹುದು. ಗುಟ್ಟು ಅಂದ್ರೆ ಹೇಳಿದರೆ ಏನೋ ಕಳಕೊಳ್ತೀವಿ ಅನ್ನೋ ಭಯ. ನನಗೆ ಬೇಕಾಗಿರೋದು ಮೊದಲನೆಯದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮುಟ್ಟುವ ವಿಚಾರದ್ದು. ಹೆಣ್ಣು ರೋಗಿಗೆ ಹೆಣ್ಣು ನರ್ಸ್, ಗಂಡು ರೋಗಿಗೆ ಗಂಡು ನರ್ಸ್ ಅನ್ನುವ ಪದ್ಧತಿ ಅನೇಕ ಕಡೆ ಇದೆ. ಒಂದೇ ಲಿಂಗದವರ ನಡುವೆ ಆಸೆ ಇರೋದಿಲ್ಲ ಅನ್ನೋದು ಅದರ ಹಿಂದಿನ ನಂಬಿಕೆ. ಹಾಗಾದ್ರೆ ನನ್ನಂಥವಳು ಬಂದರೆ ಆ ನಂಬಿಕೆಯೇ ಕುಸೀತಲ್ಲ?

ಕುಸಿಯಲಿ. ರೋಗಿಯನ್ನ ಕಾಯ್ತಾ ಇದ್ದದ್ದು ಯಾವತ್ತೂ ಆ ನಂಬಿಕೆ ಆಗಿರಲಿಲ್ಲ. ಗಂಡು ವೈದ್ಯರು ಹೆರಿಗೆ ಮಾಡಿಸ್ತಾರೆ. ಅಲ್ಲಿ ಹೆಣ್ಣುಮಗಳನ್ನ ಕಾಯೋದು ವೈದ್ಯರಿಗೆ ಯಾರ ಮೇಲೆ ಆಸೆ ಅನ್ನೋದಲ್ಲ, ಕೆಲಸದ ಶಿಸ್ತು. ಪರದೆ ಎಳೆಯೋದು, ಏನು ಮಾಡ್ತೀನಿ ಅಂತ ಮೊದಲು ಹೇಳೋದು, ಒಪ್ಪಿಗೆ ಕೇಳೋದು, ಬೇಕಾದಷ್ಟು ಭಾಗದ ಬಟ್ಟೆ ಮಾತ್ರ ಸರಿಸೋದು, ಅಗತ್ಯವಿದ್ದಲ್ಲಿ ಇನ್ನೊಬ್ಬರು ಜೊತೆಗಿರೋದು. ಈ ಶಿಸ್ತು ನನಗೂ ಅಷ್ಟೇ, ಪಕ್ಕದ ಬೆಡ್ ನೋಡ್ಕೊಳ್ಳುವ ಸಂಸಾರಸ್ಥೆ ಸಿಸ್ಟರ್‌ಗೂ ಅಷ್ಟೇ. ಹೆಣ್ಣು ನರ್ಸ್ ಅಂತ ಯಾರಿಗೂ ಅದರಲ್ಲಿ ರಿಯಾಯಿತಿ ಇಲ್ಲ.

ಅಷ್ಟಾದರೂ ಒಬ್ಬ ರೋಗಿ "ಇವರು ಬೇಡ" ಅಂದರೆ? ಆ ಕ್ಷಣದಲ್ಲಿ ಮೈ ಅವರದು, ಮಾತೂ ಅವರದೇ. ವಾದ ಮಾಡದೆ ಬೇರೆಯವರನ್ನ ಕಳಿಸಬೇಕು. ಆದ್ರೆ ಇನ್‌ಚಾರ್ಜ್ ಅದನ್ನೇ ಹಿಡಿದು "ಇವಳಿಗೆ ಫೀಮೇಲ್ ವಾರ್ಡ್ ಹಾಕೋದು ಬೇಡ" ಅಂತ ಡ್ಯೂಟಿ ರೋಸ್ಟರ್‌ನಲ್ಲಿ ಬರೆದರೆ ಅದನ್ನ ಒಪ್ಪೋಕಾಗಲ್ಲ. ಹಾಸಿಗೆಯಲ್ಲಿರುವವರ ಅಂಜಿಕೆ ಬೇರೆ, ಆ ಅಂಜಿಕೆಯನ್ನ ಸಂಸ್ಥೆ ತನ್ನ ನಿಯಮ ಮಾಡಿಕೊಳ್ಳೋದು ಬೇರೆ. ಇದು ನಮ್ಮ ವೃತ್ತಿಗೆ ಹೊಸದಲ್ಲ. ಎಲ್ಲ ಜಾತಿಯವರ ಮಲಮೂತ್ರ ಮುಟ್ಟುವ ಕೆಲಸ ಅಂತ ಒಂದು ಕಾಲಕ್ಕೆ ಮೇಲ್ಜಾತಿಯ ಮನೆಗಳು ಹೆಣ್ಣುಮಕ್ಕಳನ್ನ ನರ್ಸಿಂಗ್‌ಗೆ ಕಳಿಸ್ತಿರಲಿಲ್ಲ. ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯಂಥ ಮಿಷನ್ ದವಾಖಾನೆಗಳ ಕಾಲದಲ್ಲಿ ಆ ಕೆಲಸ ಹೊತ್ತವರಲ್ಲಿ ಹೆಚ್ಚಿನವರು ಕ್ರೈಸ್ತ ಹೆಣ್ಣುಮಕ್ಕಳು. ಯಾರು ಯಾರನ್ನ ಮುಟ್ಟಬಾರದು ಅನ್ನುವ ಪಟ್ಟಿಯನ್ನ ಒಪ್ಪಿಕೊಂಡಿದ್ದರೆ ನರ್ಸಿಂಗ್ ಅನ್ನೋ ವೃತ್ತಿಯೇ ಇರ್ತಿರಲಿಲ್ಲ.

ಇಷ್ಟು ಹೊತ್ತು ಮಾತಾಡಿದ್ದು ನರ್ಸಿನ ನೆಮ್ಮದಿ ಬಗ್ಗೆ. ರೋಗಿಗೆ ಇದರಿಂದ ಏನು ಲಾಭ? ಅದಕ್ಕೆ ಅಡ್ಮಿಶನ್ ಫಾರ್ಮ್ ನೋಡಬೇಕು. ಜೊತೆಗೆ ಬಂದವರ ಹೆಸರಿನ ಮುಂದೆ "ರೋಗಿಗೆ ಸಂಬಂಧ" ಅನ್ನೋ ಕಾಲಂ ಇರುತ್ತೆ. ಗಂಡ, ಹೆಂಡತಿ, ಮಗ, ಅಣ್ಣ ಅಂತ ಬರೆಯುವವರ ಪೆನ್ ನಿಲ್ಲೋದಿಲ್ಲ. ಎಂಟು ವರ್ಷ ಒಂದೇ ಮನೆಯಲ್ಲಿ ಇದ್ದವರು ಅಲ್ಲಿ "ಫ್ರೆಂಡ್" ಅಂತ ಬರೀತಾರೆ. ಫ್ರೆಂಡ್ ಅಂದ ತಕ್ಷಣ "ಮನೆಯವರು ಯಾರಾದ್ರೂ ಬರಲಿ" ಅಂತೀವಿ, ಐಸಿಯು ಬಾಗಿಲಲ್ಲಿ ಹೊರಗೆ ನಿಲ್ಲಿಸ್ತೀವಿ. ಅದೇ ಪದವನ್ನ ತನ್ನ ಬದುಕಿನಲ್ಲಿ ಬರೆದು ನೋಡಿರುವ ನರ್ಸ್ ಅಲ್ಲಿ ಒಂದು ನಿಮಿಷ ನಿಲ್ತಾಳೆ. ರೋಗಿಗೆ ಪ್ರಜ್ಞೆ ಇರುವಾಗಲೇ "ನಿಮ್ಮ ಹತ್ರ ಯಾರು ಇರಬೇಕು? ಯಾರಿಗೆ ಹೇಳಬೇಕು?" ಅಂತ ಕೇಳಿ ಕೇಸ್ ಶೀಟಿನಲ್ಲಿ ಬರೀತಾಳೆ.

1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯಲ್ಲಿ ಆಗಿದ್ದೂ ಇದೇ. ಏಡ್ಸ್ ರೋಗಿಗಳನ್ನ ಮುಟ್ಟೋಕೆ ಜನ ಹೆದರುತ್ತಿದ್ದ ಆ ವರ್ಷ ಅಲ್ಲಿ 5ಬಿ ಅನ್ನೋ ವಾರ್ಡ್ ಶುರುವಾಯ್ತು. ಅದನ್ನ ಕಟ್ಟಿದವರು ಕ್ಲಿಫ್ ಮಾರಿಸನ್, ತಾನು ಗೇ ಅಂತ ಮುಚ್ಚಿಡದೆ ಕೆಲಸ ಮಾಡಿದ ನರ್ಸ್. ಸ್ವ-ಇಚ್ಛೆಯಿಂದ ಬಂದ ನರ್ಸ್‌ಗಳು ಅಲ್ಲಿ ರೋಗಿಗಳ ಕೈ ಹಿಡಿದು ಕೂತರು. ತನ್ನ ಕುಟುಂಬ ಯಾರು ಅಂತ ಹೇಳುವ ಅಧಿಕಾರ ರೋಗಿಗೇ ಸಿಕ್ಕಿತು. ಏಡ್ಸ್‌ಗೆ ಆಗ ಔಷಧ ಇರಲಿಲ್ಲ, ಕೊಡೋಕೆ ಇದ್ದದ್ದು ಅದೇ.

ಅಷ್ಟು ದೂರ ಹೋಗೋದೂ ಬೇಡ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯಲ್ಲಿ ಅವರ ಮೇಲೆ ದಾಳಿಯಾಯ್ತು. ಅವರು 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಾಲ್ಕು ದಶಕ, ಅಲ್ಲಿನ ನರ್ಸ್‌ಗಳೇ ಅವರನ್ನ ನೋಡಿಕೊಂಡರು. ಅವರ ಪರವಾಗಿ ಮಾತಾಡಬೇಕಾದವರು ಯಾರು ಅನ್ನುವ ಪ್ರಶ್ನೆ 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಕೋರ್ಟ್ ಬೆರಳು ಮಾಡಿದ್ದು ಕೆಇಎಂ ಸಿಬ್ಬಂದಿಯ ಕಡೆಗೆ. ರಕ್ತಸಂಬಂಧ ಇರಲಿಲ್ಲ, ದಿನವೂ ನೋಡಿಕೊಂಡ ಸಂಬಂಧ ಇತ್ತು. ನರ್ಸ್‌ಗಳ ವಿಷಯದಲ್ಲಿ ಒಪ್ಪಿಕೊಂಡ ಈ ಮಾತನ್ನ ಬಾಗಿಲಲ್ಲಿ ನಿಂತ "ಫ್ರೆಂಡ್" ವಿಷಯದಲ್ಲೂ ಒಪ್ಪಬೇಕಲ್ವಾ?

ಕಾನೂನು ಒಂದೊಂದು ಹೆಜ್ಜೆ ಇಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಮಾಡಬಾರದು ಅಂದಾಗ ಸೆಕ್ಷನ್ 377 ನಮ್ಮ ತಲೆ ಮೇಲೆ ಇನ್ನೂ ಇತ್ತು. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂತಾಗಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಅದೇ 2017ರ ಕಾಯ್ದೆಯಡಿ ಬಿಳಿ ಹಾಳೆಯಲ್ಲಿ ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ನಮಗೆ ಬೇಕಾದ ವಯಸ್ಕರೊಬ್ಬರನ್ನ ಅವರು ಒಪ್ಪಿದರೆ ನಮ್ಮ ಪ್ರತಿನಿಧಿ ಅಂತ ನೇಮಿಸಬಹುದು. ಸಂಬಂಧಿಕರೇ ಆಗಬೇಕಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ನಮಗೆ ಮದುವೆಯ ಹಕ್ಕು ಕೊಡಲಿಲ್ಲ. ಮರುವರ್ಷ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿ ಶವ ಪಡೆಯಲು ಅವಕಾಶ ಕೊಡಿ ಅಂದಿತು. ಸತ್ತ ಮೇಲಿನದಕ್ಕೆ ಒಂದು ದಾರಿಯಾಯ್ತು. ಬದುಕಿರುವಾಗ ಐಸಿಯು ಬಾಗಿಲಲ್ಲಿ ಏನು ಅನ್ನೋದು ಬಹುಪಾಲು ಅವತ್ತು ಡ್ಯೂಟಿಯಲ್ಲಿರುವವರ ಕೈಯಲ್ಲೇ ಇದೆ.

ಹಾಗಂತ ಎಲ್ಲ ನರ್ಸ್‌ಗಳೂ ನಾಳೆಯೇ ಹೇಳ್ಕೊಳ್ಳಿ ಅಂತ ನಾನು ಹೇಳಲ್ಲ. ಕಾಂಟ್ರ್ಯಾಕ್ಟ್ ಮೇಲೆ ಇರುವವಳಿಗೆ ಕೆಲಸದ ಭಯ, ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ನ ಭಯ, ಊರಿನಲ್ಲಿ ಅವ್ವನನ್ನ ನಾಲ್ಕು ಜನ ಏನು ಕೇಳ್ತಾರೋ ಅನ್ನೋ ಭಯ ಇರುತ್ತೆ. ಸತ್ಯ ಹೇಳು ಅಂತ ಉಪದೇಶ ಮಾಡುವವರು ಅವಳ ಬಾಡಿಗೆ ಕಟ್ಟೋದಿಲ್ಲ. ಮೊದಲ ಕರ್ತವ್ಯ ಅವಳದಲ್ಲ, ಉಳಿದವರದು. ಹ್ಯಾಂಡೋವರ್ ಹೊತ್ತಿನಲ್ಲಿ "ಬೆಡ್ 6ರ ಆ ಜೋಡಿ" ಅಂತ ನಗೋದನ್ನ ನಿಲ್ಲಿಸಿದರೆ, ಕೇಳುತ್ತಾ ನಿಂತ ನರ್ಸ್‌ಗೂ ಬೆಡ್ 6ಕ್ಕೂ ಒಟ್ಟಿಗೇ ಉಪಕಾರವಾಗುತ್ತೆ. ಯಾರು ಹೇಳಿಕೊಂಡಿದ್ದಾರೆ, ಯಾರು ಇಲ್ಲ ಅಂತ ಲೆಕ್ಕ ಹಾಕಬೇಕಾಗಿಯೂ ಇಲ್ಲ.

ಇನ್ನು ಓದುತ್ತಿರುವ ನಿಮಗೆ ಒಂದು ಮಾತು, ನೀವು ಯಾರನ್ನೇ ಪ್ರೀತಿಸಿ. ಆರೋಗ್ಯವಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ: ನಿಮಗೇನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಯಾರು ಪಕ್ಕದಲ್ಲಿರಬೇಕು. ಅದರ ಫೋಟೋ ಆ ವ್ಯಕ್ತಿಯ ಫೋನಿನಲ್ಲೂ ಇರಲಿ. ಆಸ್ಪತ್ರೆ ಅದನ್ನ ಒಪ್ಪಲೇಬೇಕು ಅಂತ ಎಲ್ಲ ಕಡೆ ನಿಯಮ ಇಲ್ಲ. ಆದ್ರೂ ರಾತ್ರಿ ಎರಡು ಗಂಟೆಗೆ ಬಾಗಿಲಲ್ಲಿ ನಿಂತ ನರ್ಸ್‌ಗೆ ನಿಮ್ಮ ಕೈಬರಹ ಕಂಡರೆ, ಒಳಗೆ ಬಿಡೋಕೆ ಅವಳಿಗೆ ಒಂದು ಆಧಾರ ಸಿಗುತ್ತೆ.