ನೆಲದ ಒಡವೆಯೂ ಮಕ್ಕಳ ಕೈಯೂ

ಪ್ರಾಚೀನ ನೆಲೆಗಳ ಶೋಧನೆಯಲ್ಲಿ ಊರಿನ ಮಕ್ಕಳನ್ನು ಸೇರಿಸಿಕೊಳ್ಳಬಹುದೆ ಎಂಬುದು ಮೇಲುನೋಟಕ್ಕೆ ಶಿಕ್ಷಣಕ್ರಮದ ಪ್ರಶ್ನೆಯಾಗಿ ತೋರುವುದು. ವಿಚಾರಿಸಿ ನೋಡಿದರೆ ಅದು ಧರ್ಮದ ಪ್ರಶ್ನೆಯೇ ಸರಿ. ನೆಲದಲ್ಲಿ ದೊರೆತ ವಸ್ತುವು ಯಾರದು? ಕಂಡವನದೆ, ಹೊಲದೊಡೆಯನದೆ, ಅಥವಾ ಇನ್ನೂ ಹುಟ್ಟದವರದೂ ಅಹುದೆ?

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನೇ ನೋಡೋಣ. ಅಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆಯಿಸಿದಾಗ, ಕೆಳಗಿನ ಪದರದಲ್ಲಿ ನಯಗೊಳಿಸಿದ ಕಲ್ಲುಕೊಡಲಿಗಳೂ, ಅದರ ಮೇಲೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ ಕಬ್ಬಿಣದ ಕಾಲದವರ ಕುರುಹುಗಳೂ, ಅದಕ್ಕೂ ಮೇಲೆ ಕ್ರಿಸ್ತಶಕದ ಆರಂಭಕಾಲದ ಮಡಕೆಗಳೂ ದೊರೆತುವು. ಮಡಕೆಯ ಚೂರು ತನ್ನ ಕಾಲವನ್ನು ತಿಳಿಸುವುದು ರೂಪದಿಂದ ಮಾತ್ರವಲ್ಲ, ತಾನು ಮಲಗಿದ್ದ ಪದರದಿಂದಲೂ. ಬಾಲಕನೊಬ್ಬನು ಕುತೂಹಲದಿಂದ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಚೂರು ಉಳಿಯುವುದು, ಕಥೆ ಅಳಿಯುವುದು.

ಹಾಗಾದರೆ ಮಕ್ಕಳನ್ನು ದೂರವಿಡುವುದೇ ಲೇಸೆಂದು ಕೆಲವರು ಹೇಳುವರು. ಈ ಮಾತು ನಿಸ್ಸಾರವಾದುದಲ್ಲ. ಆದರೆ ದೂರವಿಟ್ಟ ಮಗುವೇ ನಾಳೆ ಆ ಊರಿನ ಗೃಹಸ್ಥನಾಗುವುದು. ವೀರಗಲ್ಲನ್ನು ಬಟ್ಟೆ ಒಗೆಯಲು ಹಾಸಿಕೊಂಡವರೂ, ನಿಧಿಯಾಸೆಯಿಂದ ಗುಡಿಯ ಗರ್ಭಗೃಹವನ್ನು ಅಗೆದವರೂ ಒಮ್ಮೆ ಮಕ್ಕಳಾಗಿದ್ದವರಲ್ಲವೆ? ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ದೊರೆತರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆಯು ವಿಧಿಸಿತು. ಆ ಬೆಲೆ ಬಾಳದ ಚೂರನ್ನು ಕುರಿತು ತಿಳಿಸಬೇಕೆಂಬ ಕಟ್ಟು ಅದರಲ್ಲಿರಲಿಲ್ಲ. ಅಂಥದನ್ನು ಕಾಯತಕ್ಕುದು ಕಾಯಿದೆಗಿಂತ ಹೆಚ್ಚಾಗಿ ಮನಸ್ಸು. ಆ ಮನಸ್ಸು ಎಳವೆಯಲ್ಲಿಯೇ ಮೂಡಬೇಕು.

ಇದಕ್ಕಾಗಿ ಮಕ್ಕಳ ಕೈಗೆ ಗುದ್ದಲಿ ಕೊಡಬೇಕಾದುದಿಲ್ಲ. ಅಗೆತವು ಬಲ್ಲವರ ಕೆಲಸ; ಅದಕ್ಕೆ ಸರ್ಕಾರದ ಅಪ್ಪಣೆಯೂ ಬೇಕು. ಬಲ್ಲವರು ತೆಗೆದಿತ್ತ ಚೂರುಗಳನ್ನು ತೊಳೆದು ಚೀಟಿ ಬರೆಯುವುದು, ಊರಿನ ಶಾಸನಗಳನ್ನೂ ವೀರಗಲ್ಲುಗಳನ್ನೂ ನಕಾಶೆಯಲ್ಲಿ ಗುರುತಿಸುವುದು, ಹೊಲಗಳ ಹಳೆಯ ಹೆಸರುಗಳನ್ನು ಅಜ್ಜಅಜ್ಜಿಯರಿಂದ ಕೇಳಿ ಬರೆದುಕೊಳ್ಳುವುದು, ಇವು ಅವರಿಂದ ಸಾಧ್ಯ. ಆದರೆ ಅವರನ್ನು ಕೂಲಿಯಿಲ್ಲದ ಆಳುಗಳೆಂದು ಭಾವಿಸಲಾಗದು. ದುಡಿದ ಮಗುವಿಗೆ, ಕಂಡುದರ ಅರ್ಥವೇನೆಂದು ತಿಳಿಸುವುದು ವಿದ್ವಾಂಸರ ಋಣ. ಆ ಅರ್ಥವು ಊರಿನ ಹೆಮ್ಮೆಗೆ ಒಪ್ಪದಿದ್ದರೂ ಮರೆಮಾಚಲಾಗದು.

ತಾಯಿತಂದೆಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ಕರುಣೆ ಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಬ್ರಹ್ಮಗಿರಿಯ ಬಂಡೆಯ ಬೋಧನೆ. ಇದ್ದುದನ್ನು ಇದ್ದಂತೆಯೇ ಬರೆದಿಡುವುದೂ ಸತ್ಯವನ್ನಾಡಿದಂತೆಯೇ. ಕಂಡ ವಸ್ತುವನ್ನು ಕಂಡಲ್ಲಿಯೇ ಬಿಟ್ಟು, ಗುರುಗಳನ್ನು ಕರೆತರಲು ಓಡುವ ಬಾಲಕನು ಇತಿಹಾಸವನ್ನಷ್ಟೇ ಅಲ್ಲ, ತನ್ನದಲ್ಲದುದನ್ನು ಪ್ರೀತಿಸುವುದನ್ನೂ ಕಲಿತಿರುವನು.