ಸೇನಬೋವನಿಂದ ಅಧಿಕಾರಿಯವರೆಗೆ

ಕನ್ನಡ ಶಾಸನಗಳನ್ನು ಓದುವವರಿಗೆ ಕೊನೆಯ ಸಾಲುಗಳಲ್ಲಿ ಒಬ್ಬ ಮನುಷ್ಯ ಆಗಾಗ ಎದುರಾಗುತ್ತಾನೆ. ದಾನ ಕೊಟ್ಟ ದೊರೆ, ಪಡೆದ ದೇಗುಲ, ಭೂಮಿಯ ಎಲ್ಲೆ, ತಪ್ಪಿ ನಡೆದವರಿಗೆ ಶಾಪ ಎಲ್ಲವೂ ಮುಗಿದ ಮೇಲೆ, ಇದನ್ನು ಬರೆದವನು ಸೇನಬೋವ ಇಂಥವನು ಎಂದಿರುತ್ತದೆ. ಸೇನಬೋವ ಎಂದರೆ ಬರೆಯುವವನು, ಊರಿನ ಲೆಕ್ಕ ಇಡುವವನು. ಅವನೇ ಜನರ ಬಾಯಲ್ಲಿ ಸವೆದು ಶಾನುಭೋಗನಾದ. ಉತ್ತರ ಕರ್ನಾಟಕದಲ್ಲಿ ಅದೇ ಕೆಲಸದವನನ್ನು ಕುಲಕರ್ಣಿ ಎಂದರು.

ಕೆಲಸ ವಂಶಕ್ಕೆ ಅಂಟಿಕೊಂಡಂತೆ ಪದದ ಅರ್ಥವೂ ಸರಿಯತೊಡಗಿತು. ಅಪ್ಪನ ನಂತರ ಮಗನಿಗೆ ಶಾನುಭೋಗಿಕೆ. ಇದ್ದಿಲು ಮತ್ತು ಹುಣಸೆ ಬೀಜದ ಅಂಟು ಬಳಿದ ಕಪ್ಪು ಬಟ್ಟೆಯ ಕಡತ, ಅದರ ಮೇಲೆ ಬಳಪದ ಬರಹ. ಕಾಗದ ಬಂದ ಮೇಲೂ ಮೋಡಿ ಅಕ್ಷರ ಹೋಗಲಿಲ್ಲ. ಅಕ್ಷರ ಬಲ್ಲವರಿಗೇ ಅದನ್ನು ಬಿಡಿಸುವುದು ಕಷ್ಟ, ಓದು ಬಾರದ ರೈತನ ಪಾಡು ಕೇಳುವುದೇ ಬೇಡ. ಹೊಲ ಅವನದು, ಅದು ಅವನದೆಂದು ಹೇಳುವ ಹಾಳೆ ಮಾತ್ರ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ. ಬರೆಯುವವನು ಎಂಬ ಅರ್ಥ ಹಿಂದೆ ಸರಿದು, ಊರಿನ ಜುಟ್ಟು ಹಿಡಿದವನು ಎಂಬ ಅರ್ಥ ಮುಂದೆ ಬಂದದ್ದು ಹೀಗೆ.

ಆದರೂ ಎಲ್ಲ ಶಾನುಭೋಗರನ್ನೂ ಒಂದೇ ಬಣ್ಣದಲ್ಲಿ ಅದ್ದಿ ತೆಗೆಯುವುದು ನ್ಯಾಯವಲ್ಲ. ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯಲ್ಲಿ ಹುಲಿಯ ಎದುರು ಸಿಕ್ಕಿಬಿದ್ದ ಬಡಪಾಯಿ ಶಾನುಭೋಗರ ಕೈಯಲ್ಲಿದ್ದದ್ದು ಖಿರ್ದಿ ಪುಸ್ತಕ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮನನ್ನಂತೂ ಮರೆಯಲಾಗದು. ಶಾನುಭೋಗಿಕೆ ಇರುವುದು ಗಂಡನ ಹೆಸರಿನಲ್ಲಿ. ಲೆಕ್ಕ ಕಲಿತು, ಪುಸ್ತಕಗಳಿಗೆ ಗೆರೆ ಎಳೆದು, ಬರೆದು ಸಂಸಾರ ನಡೆಸುವವಳು ಅವಳು. ಹಳೆಯ ಸೇನಬೋವನ ಅರ್ಥ ಉಳಿದದ್ದು ಅವಳ ಬೆರಳುಗಳಲ್ಲಿ. ಆದರೆ ಹುದ್ದೆಯ ಹೆಸರು ಅವಳಿಗೆ ದಕ್ಕುವಂತಿರಲಿಲ್ಲ. ವಂಶಪಾರಂಪರ್ಯದ ದೊಡ್ಡ ಅನ್ಯಾಯ ನನಗೆ ಕಾಣುವುದು ಇಲ್ಲೇ.

ಗ್ರಾಮ ಹುದ್ದೆಗಳ ರದ್ದತಿಗೆಂದು 1961ರಲ್ಲಿ ಆದ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ ಎರಡೂ ಹೋದವು. ಆಗಬೇಕಾದ ಕೆಲಸವೇ ಆಯಿತು. ಪದ ಮಾತ್ರ ಸಾಯದೆ ಮನೆತನದ ಹೆಸರಾಗಿ ಉಳಿಯಿತು: ಶಾನಭಾಗ, ಕುಲಕರ್ಣಿ. ಆ ಹೆಸರಿನವರು ಇಂದು ಯಾವ ಊರಿನಲ್ಲಿ ಯಾವ ಕೆಲಸದಲ್ಲಾದರೂ ಇರಬಹುದು, ಪಹಣಿಯನ್ನು ಕಣ್ಣಿನಿಂದ ನೋಡದವರೂ ಇರಬಹುದು.

ಊರಿನ ಲೆಕ್ಕಕ್ಕೆ ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಯಾವ ಜಾತಿಯವರೂ, ಗಂಡಸರೂ ಹೆಂಗಸರೂ ಅರ್ಜಿ ಹಾಕಿ ಪಡೆಯಬಹುದಾದ ಹುದ್ದೆ. ಇಂದಿನ ನಂಜಮ್ಮ ತನ್ನ ಹೆಸರಿನಲ್ಲೇ ಸಹಿ ಹಾಕುತ್ತಾಳೆ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದ ಮೇಲೆ, ಕೈಬರಹದ ಪಹಣಿ ಕೊಡುವ ಅಧಿಕಾರವೂ ಲೆಕ್ಕಿಗರ ಕೈತಪ್ಪಿತು. ಈಚಿನ ವರ್ಷಗಳಲ್ಲಿ ಅವರ ಹೆಸರು ಮತ್ತೆ ಬದಲಾಗಿ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ.

ಈ ಕೊನೆಯ ಬದಲಾವಣೆ ನನಗೆ ಅಷ್ಟು ಹಿಡಿಸಿಲ್ಲ. ಲೆಕ್ಕಿಗ ಎಂಬ ಹೆಸರು ಮಾಡುವ ಕೆಲಸವನ್ನು ಹೇಳುತ್ತಿತ್ತು. ಅಧಿಕಾರಿ ಎಂಬುದು ಕೂರುವ ಸ್ಥಾನವನ್ನಷ್ಟೇ ಹೇಳುತ್ತದೆ. ಕೆಲಸದ ಹೊರೆಗೆ ತಕ್ಕ ಗೌರವ ಬೇಕೆಂಬುದು ನಿಜ. ಬೆಳೆ ಸಮೀಕ್ಷೆ, ಪಿಂಚಣಿ ಪರಿಶೀಲನೆ, ಮಳೆಹಾನಿಯ ವರದಿ, ಚುನಾವಣೆ ಎಲ್ಲವೂ ಅವರ ತಲೆಯ ಮೇಲೆಯೇ. ಆದರೆ ಈ ಅಧಿಕಾರಿಗಳು 2024ರಲ್ಲಿ ಮುಷ್ಕರಕ್ಕೆ ಇಳಿದರು. ಒಂದರ ಮೇಲೊಂದು ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡಿಸಿಕೊಳ್ಳುತ್ತೀರಿ, ಅದಕ್ಕೆ ಬೇಕಾದ ಸಲಕರಣೆ, ಕೂರಲು ಸರಿಯಾದ ಕಚೇರಿ ಕೊಡುವುದಿಲ್ಲ ಎಂಬುದು ಅವರ ದೂರು. ಹೆಸರಿಗೆ ಅಧಿಕಾರ ಸೇರಿಸಲು ಒಂದು ಆದೇಶ ಸಾಕು. ಕುರ್ಚಿ, ಮೇಜು, ಲ್ಯಾಪ್‌ಟಾಪ್ ಕೊಡಲು ದುಡ್ಡು ಬೇಕು. ಸರ್ಕಾರ ಮೊದಲು ಮಾಡಬೇಕಿದ್ದದ್ದು ಈ ಎರಡನೆಯದನ್ನು.

ಓದುಗರಿಗೂ ಒಂದು ಮಾತು. ನಮ್ಮ ಅಜ್ಜಂದಿರು ಮೋಡಿ ಅಕ್ಷರದ ಮುಂದೆ ಕೈಕಟ್ಟಿ ನಿಂತರು. ನಮ್ಮ ಪಹಣಿ ಇಂದು ಅಚ್ಚುಕಟ್ಟಾದ ಕನ್ನಡದಲ್ಲಿ, ಕೈಯಲ್ಲಿರುವ ಫೋನಿನಲ್ಲೇ ಸಿಗುತ್ತದೆ. ಊರಲ್ಲಿ ತುಂಡು ನೆಲವಿದ್ದರೂ ವರ್ಷಕ್ಕೊಮ್ಮೆ ಅದನ್ನು ತೆರೆದು, ಒಂಬತ್ತನೆಯ ಕಾಲಮಿನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಋಣವಿದೆ ಎಂದು ನೀವೇ ಓದಿ. ಓದು ಬಾರದ ನೆರೆಯವರಿದ್ದರೆ ಅವರದನ್ನೂ ಓದಿ ಹೇಳಿ.